ನಟ ನಟಿಯರಿಗೆ ಕಾಗದ ಬರೆದು ಆಟೋಗ್ರಾಫ್ ತರಿಸ್ಕೊಳ್ಳೋದು ಹೇಗೆ: ಮೊದಲ ಕವರ್‌ನಿಂದ ಆಲ್ಬಂವರೆಗೆ

ನಿಮ್ಮದೇ ಕೈಬರಹ, ನಿಮ್ಮದೇ ಅಡ್ರೆಸ್ಸು, ನೀವೇ ಅಂಟಿಸಿದ ಸ್ಟಾಂಪು, ಆದ್ರೆ ಮೇಲೆ ಇನ್ಯಾವ್ದೋ ಊರಿನ ಠಸ್ಸೆ. ಅಂಥ ಕವರ್ ಒಂದು ಮನೆ ಬಾಗಿಲಿಗೆ ಬಂದು ಬಿದ್ದಾಗ ಒಂದು ಕ್ಷಣ ತಲೆ ಖಾಲಿ ಆಗತ್ತೆ, ನಾನೇ ನನಗೆ ಯಾವಾಗ ಕಾಗದ ಬರ್ಕೊಂಡೆ ಅಂತ. ಆಮೇಲೆ ಜ್ಞಾಪಕ ಬರತ್ತೆ. ಆ ಒಂದು ಕ್ಷಣಕ್ಕೋಸ್ಕರನೇ ಈ ಹವ್ಯಾಸ ಇರೋದು.

ನಾನು ಶುರು ಮಾಡಿದಾಗ ಮೊದಲ ಹನ್ನೆರಡು ಕಾಗದದಲ್ಲಿ ವಾಪಸ್ ಬಂದಿದ್ದು ಒಂದೇ ಒಂದು, ಅದೂ "ಈ ವಿಳಾಸದಲ್ಲಿ ಇಲ್ಲ" ಅಂತ ಠಸ್ಸೆ ಹೊಡ್ಸ್ಕೊಂಡು, ಒಡೆಯದೇನೇ. ಆಮೇಲೆ ಒಂದೊಂದಾಗಿ ತಪ್ಪು ತಿದ್ಕೊಂಡು ಬಂದೆ, ಕೊನೆಗೆ ಗೊತ್ತಾಗಿದ್ದು ಇಷ್ಟೇ: ನಿಮ್ಮ ಕವರ್ ಒಡೆದ ಮನುಷ್ಯನಿಗೆ ಒಟ್ಟು ಕೆಲಸ ಅರ್ಧ ನಿಮಿಷದ್ದಾಗಿರಬೇಕು. ಒಡೆಯೋದು, ಓದೋದು, ಸೈನ್ ಹಾಕೋದು, ಇನ್ನೊಂದು ಕವರ್‌ಗೆ ತುರುಕಿ ಅಂಟಿಸೋದು, ಅಷ್ಟೇ. ಸ್ಟಾಂಪ್ ಹುಡುಕೋದು, ಅಡ್ರೆಸ್ ನಕಲು ಮಾಡೋದು, ನಾಲ್ಕು ಪೇಜ್ ಓದೋದು, ಇದ್ಯಾವ್ದೂ ಅವರ ತಲೆ ಮೇಲೆ ಬರಬಾರ್ದು. ಕೆಳಗೆ ಹೇಳೋ ಪ್ರತಿಯೊಂದನ್ನೂ ಈ ಒಂದು ತಕ್ಕಡೀಲಿ ತೂಗಿ ನೋಡಿ.

ಈ ಹವ್ಯಾಸದವರು ಇದಕ್ಕೆ ಟಿಟಿಎಂ ಅಂತಾರೆ, ಥ್ರೂ ದಿ ಮೇಲ್, ಅಂದ್ರೆ ಪೋಸ್ಟ್ ಮೂಲಕ. ಒಳಗಿಡೋ ವಾಪಸ್ ಕವರ್‌ಗೆ ಎಸ್‌ಎಎಸ್‌ಇ, ಸ್ವಂತ ವಿಳಾಸ ಬರೆದು ಸ್ಟಾಂಪ್ ಅಂಟಿಸಿದ ಕವರ್. ಅಡ್ರೆಸ್ ಸರಿ ಇಲ್ದೆ ವಾಪಸ್ ಬಂದಿದ್ದಕ್ಕೆ ಆರ್‌ಟಿಎಸ್, ರಿಟರ್ನ್ ಟು ಸೆಂಡರ್. ಸೈನ್ ಆಗಿ ಬಂದ್ರೆ ಸಕ್ಸೆಸ್. ಈ ನಾಲ್ಕು ಪದ ಗೊತ್ತಿದ್ರೆ ಸಾಕು.

ಯಾರಿಗೆ ಬರೀಬೇಕು

ಎಲ್ರೂ ಮಾಡೋ ತಪ್ಪು ಒಂದೇ, ಪ್ರಪಂಚದ ಟಾಪ್ ಹತ್ತು ಸ್ಟಾರ್‌ಗಳ ಪಟ್ಟಿ ಮಾಡ್ಕೊಂಡು ಅವರಿಗೇ ಹತ್ತು ಕವರ್ ಕಳಿಸಿ, ಆರು ತಿಂಗಳು ಕಾದು, ಇದೆಲ್ಲ ಆಗೋ ಹೋಗೋ ಕೆಲಸ ಅಲ್ಲ ಅಂತ ಬಿಟ್ಬಿಡೋದು. ಅಂಥವರಿಗೆ ಬರೋ ಕಾಗದದಲ್ಲಿ ಹೆಚ್ಚಿನವು ಅವರ ಕಣ್ಣಿಗೂ ಬೀಳಲ್ಲ, ಯಾವ್ದೋ ಆಫೀಸಿನ ಮೂಲೇಲಿ ಮೂಟೆ ಕಟ್ಟಿರ್ತಾರೆ.

ಅದರ ಬದಲು ಒಂದು ಸಿನಿಮಾ ನೆನಪಿಸ್ಕೊಳ್ಳಿ. ಹೀರೋನ ಫ್ರೆಂಡ್ ಆಗಿದ್ದವರು, ಜಡ್ಜ್ ಆಗಿ ಮೂರೇ ಸೀನಲ್ಲಿ ಬಂದು ಹೋದವರು, ನೋಡಿದ ತಕ್ಷಣ "ಅರೆ, ಇವರನ್ನ ಎಲ್ಲೋ ನೋಡಿದೀನಲ್ಲ" ಅನ್ನಿಸೋರು. ಇಪ್ಪತ್ತು ವರ್ಷದ ಹಿಂದಿನ ಟೀವಿ ಸೀರಿಯಲ್‌ನವರು, ಕಾರ್ಟೂನ್‌ಗೆ ದನಿ ಕೊಟ್ಟವರು, ನಾಟಕದವರು. ಇವರಿಗೆ ತಮ್ಮ ಕೆಲಸದ ಬಗ್ಗೆ ಗಮನವಿಟ್ಟು ಬರೆದ ಕಾಗದ ದಿನಾ ಬರಲ್ಲ, ಬಂದ್ರೆ ಕೂತು ಓದ್ತಾರೆ, ಕೆಲವರು ವಾಪಸ್ ಎರಡು ಸಾಲು ಬರೀತಾರೆ ಕೂಡ. ನನ್ನ ಆಲ್ಬಮ್ಮಲ್ಲಿ ನಾನು ಜನಕ್ಕೆ ತೋರಿಸೋ ಪುಟಗಳೆಲ್ಲ ಇಂಥವರದ್ದೇ. ದೊಡ್ಡವರಿಗೆ ಬರೀಲೇಬೇಡಿ ಅಂತಲ್ಲ, ಹತ್ತರಲ್ಲಿ ಎರಡು ಅವರಿಗೆ ಹೋಗ್ಲಿ, ಎಂಟು ಇವರಿಗೆ.

ಇನ್ನು ಕೆಲವರು ಸೈನ್ ಮಾಡಲ್ಲ ಅಂದ್ರೆ ಮಾಡಲ್ಲ, ಅದನ್ನ ಮೊದಲೇ ತಿಳ್ಕೊಂಡ್ರೆ ಸ್ಟಾಂಪ್ ಉಳಿಯತ್ತೆ. ಹಳೇ ಹಾಲಿವುಡ್ ನಟಿ ಗ್ರೇಟಾ ಗಾರ್ಬೋ ಬದುಕಿದ್ದಷ್ಟು ದಿನ ಆಟೋಗ್ರಾಫ್ ಕೊಟ್ಟಿದ್ದು ತೀರಾ ಅಪರೂಪ, ಅದಕ್ಕೇ ಇವತ್ತು ಅವರ ಸೈನ್‌ಗೆ ಅಷ್ಟು ಬೆಲೆ. ಹಾಲಿವುಡ್ ನಟ ಪಾಲ್ ನ್ಯೂಮನ್ ಮಧ್ಯದಲ್ಲೇ ನಿಲ್ಲಿಸಿಬಿಟ್ರು, ಟಾಯ್ಲೆಟ್ಟಲ್ಲಿ ನಿಂತಿದ್ದಾಗ ಒಬ್ಬ ಪೆನ್ನು ಪೇಪರ್ ಹಿಡ್ಕೊಂಡು ಬಂದ ಅಂತ ಅವರೇ ಹೇಳ್ಕೊಂಡಿದ್ರು, ಯಾರಿಗಾದ್ರೂ ಸಾಕಪ್ಪ ಅನ್ನಿಸ್ದೇ ಇರತ್ತಾ ಹೇಳಿ. ಕಾಮಿಡಿ ನಟ ಸ್ಟೀವ್ ಮಾರ್ಟಿನ್ ಒಂದು ಕಾಲದಲ್ಲಿ ಸೈನ್ ಬದಲು "ಈ ವ್ಯಕ್ತಿ ನನ್ನನ್ನ ಖುದ್ದಾಗಿ ಭೇಟಿ ಮಾಡಿದ್ದು ನಿಜ" ಅನ್ನೋ ಅರ್ಥದ ಪ್ರಿಂಟ್ ಮಾಡಿದ ಕಾರ್ಡ್ ಕೊಟ್ಟು ಹೋಗ್ತಿದ್ರು. ನಟರಿಗಿಂತ ಹಾಡುಗಾರರ ಪೈಕಿ ಸೇರಿದ್ರೂ ಬೀಟಲ್ಸ್ ಬ್ಯಾಂಡಿನ ರಿಂಗೋ ಸ್ಟಾರ್ ಕಥೆ ಎಲ್ರಿಗೂ ಗೊತ್ತು, 2008ರಲ್ಲಿ ವಿಡಿಯೋ ಮಾಡಿ, ಅಕ್ಟೋಬರ್ 20 ಆದ್ಮೇಲೆ ಬಂದ ಕಾಗದ ಎಲ್ಲ ಕಸಕ್ಕೆ ಹಾಕ್ತೀನಿ ಅಂತ ನೇರವಾಗಿ ಹೇಳ್ಬಿಟ್ರು. ಬರೆಯೋಕೆ ಮುಂಚೆ ಆ ನಟರ ಸ್ವಂತ ವೆಬ್‌ಸೈಟೋ ಇತ್ತೀಚಿನ ಸಂದರ್ಶನವೋ ಒಂದ್ಸಲ ನೋಡಿ. ಹಾಗೇ ಇನ್ನೊಂದು, ಹೇಳೋಕೇ ಸಂಕೋಚ, ಅವರು ಬದುಕಿದ್ದಾರಾ ಅಂತಲೂ ನೋಡ್ಕೊಳ್ಳಿ. ನಾನು ಒಬ್ಬರಿಗೆ ಅವರು ತೀರ್ಕೊಂಡು ಎರಡು ತಿಂಗಳಾದ್ಮೇಲೆ "ನಿಮ್ಮ ಆರೋಗ್ಯ ಚೆನ್ನಾಗಿರಲಿ" ಅಂತ ಬರೆದಿದ್ದೆ.

ಅಡ್ರೆಸ್ ಹುಡುಕೋದು

ಇಲ್ಲಿ ಆತುರ ಪಡ್ಬೇಡಿ, ಯಾಕಂದ್ರೆ ಕಾಗದ ಎಷ್ಟೇ ಚೆನ್ನಾಗಿದ್ರೂ ತಪ್ಪು ಬಾಗಿಲಿಗೆ ಹೋದ್ರೆ ಮುಗೀತು. ನಾನು ಹುಡುಕೋ ಕ್ರಮ ಹೀಗಿದೆ.

ಮೊದಲು ನೋಡೋದು, ಅವರು ಈಗ ಯಾವುದಾದ್ರೂ ನಾಟಕದಲ್ಲಿದ್ದಾರಾ ಅಂತ. ನ್ಯೂಯಾರ್ಕಿನ ಬ್ರಾಡ್‌ವೇನೋ ಲಂಡನ್ ವೆಸ್ಟ್ ಎಂಡೋ ಯಾವ್ದೇ ಥಿಯೇಟರ್ ಆಗ್ಲಿ, ನಟರ ಹೆಸರು ಬರೆದು, ಕೆಳಗೆ ಕೇರ್ ಆಫ್ ಹಾಕಿ ಥಿಯೇಟರ್ ಹೆಸರು, ಸ್ಟೇಜ್ ಡೋರ್ (ನಟರು ಒಳಗೆ ಹೋಗಿ ಬರೋ ಬಾಗಿಲು) ಅಂತ ಬರೆದು ಕಳಿಸಿದ್ರೆ ಅದು ನೇರವಾಗಿ ಅವರಿಗೆ ತಲುಪೋ ಸಾಧ್ಯತೆ ಜಾಸ್ತಿ. ಸಿನಿಮಾ ನಟರು ಸಿಗೋದೇ ಕಷ್ಟ, ಆದ್ರೆ ಅದೇ ನಟರು ಮೂರು ತಿಂಗಳು ದಿನಾ ಸಂಜೆ ಒಂದೇ ಕಟ್ಟಡಕ್ಕೆ ಬರ್ತಾರೆ ಅಂದ್ರೆ ಅದಕ್ಕಿಂತ ಒಳ್ಳೆ ಅವಕಾಶ ಇನ್ನೇನಿದೆ. ಪ್ರದರ್ಶನ ಮುಗಿಯೋ ತಾರೀಖು ನೋಡ್ಕೊಂಡು ಕಾಗದ ಅವಧಿಯ ಮೊದಲರ್ಧದಲ್ಲೇ ಸೇರೋ ಹಾಗೆ ಕಳಿಸಿ, ಬೇರೆ ದೇಶ ಆದ್ರೆ ಪೋಸ್ಟ್‌ಗೆ ಬೇಕಾಗೋ ವಾರಗಳನ್ನೂ ಲೆಕ್ಕ ಹಾಕಿ.

ಅದಿಲ್ಲ ಅಂದ್ರೆ ಅವರದೇ ವೆಬ್‌ಸೈಟಲ್ಲಿ ಕೊಟ್ಟಿರೋ ಫ್ಯಾನ್ ಮೇಲ್ ಅಡ್ರೆಸ್. ಅದೂ ಇಲ್ದಿದ್ರೆ ಮ್ಯಾನೇಜರ್ ಅಥವಾ ಏಜೆಂಟ್ ಆಫೀಸು, ಐಎಂಡಿಬಿ ಪ್ರೋ ಥರದ, ಸಿನಿಮಾದವರ ವಿವರ ಇರೋ ವೆಬ್‌ಸೈಟಿಗೆ ದುಡ್ಡು ಕಟ್ಟಿದ್ರೆ ಇದು ಸಿಗತ್ತೆ. ಒಬ್ಬ ನಟರಿಗೆ ಏಜೆಂಟ್, ಮ್ಯಾನೇಜರ್, ಪ್ರಚಾರ ನೋಡ್ಕೊಳ್ಳೋ ಪಬ್ಲಿಸಿಸ್ಟ್, ಲಾಯರ್ ಅಂತ ನಾಲ್ಕು ಹೆಸರಿರತ್ತೆ. ನನ್ನ ಅನುಭವದಲ್ಲಿ ಮ್ಯಾನೇಜರ್ ವಾಸಿ, ಅದರಲ್ಲೂ ಚಿಕ್ಕ ಆಫೀಸಾದ್ರೆ ಇನ್ನೂ ವಾಸಿ. ನೂರಾರು ಸ್ಟಾರ್‌ಗಳನ್ನ ಇಟ್ಕೊಂಡಿರೋ ದೊಡ್ಡ ಏಜೆನ್ಸಿಗಳು ಫ್ಯಾನ್ ಮೇಲ್ ತಗೊಳ್ಳಲ್ಲ ಅಂತ ಹಾಗೇ ವಾಪಸ್ ಕಳಿಸೋದು ಮಾಮೂಲು. ಹೆಚ್ಚು ಜನಕ್ಕೆ ಹೊಳೆಯದ ಇನ್ನೊಂದು ದಾರಿ ಇದೆ, ಆ ನಟರು ಪುಸ್ತಕ ಬರೆದಿದ್ರೆ ಪ್ರಕಾಶಕರ ಕೇರ್ ಆಫ್‌ಗೆ ಕಳಿಸೋದು. ಓದುಗರ ಕಾಗದ ಲೇಖಕರಿಗೆ ಮುಟ್ಟಿಸೋದು ಪ್ರಕಾಶಕರಿಗೆ ಹೊಸದಲ್ಲ, ಅದೂ ಅಲ್ದೆ ಅಲ್ಲಿ ನಿಮ್ಮ ಕಾಗದದ ಜೊತೆ ಸ್ಪರ್ಧೆಗೆ ಸಾವಿರ ಕಾಗದ ಇರಲ್ಲ.

ಎಲ್ಲಿಂದ ಸಿಕ್ಕಿದ್ರೂ ಆ ಅಡ್ರೆಸ್ ಯಾವ ವರ್ಷದ್ದು ಅಂತ ನೋಡಿ. ನಟರು ಏಜೆಂಟ್ ಬದಲಾಯಿಸ್ತಾನೇ ಇರ್ತಾರೆ, ಐದು ವರ್ಷದ ಹಳೇ ಪಟ್ಟಿಯಿಂದ ನಕಲು ಮಾಡಿದ್ರೆ ಆರ್‌ಟಿಎಸ್ ಗ್ಯಾರಂಟಿ.

ಮನೆ ಅಡ್ರೆಸ್ ಮಾತ್ರ ಬೇಡ. ಸಿಕ್ಕಿದ್ರೂ ಬೇಡ, ಬೇರೆಯವರು "ಅಲ್ಲಿಗೆ ಕಳಿಸಿದ್ರೆ ವಾರದಲ್ಲಿ ಬರತ್ತೆ" ಅಂದ್ರೂ ಬೇಡ. 1989ರಲ್ಲಿ ರೆಬೆಕಾ ಶೆಫರ್ ಅನ್ನೋ 21 ವರ್ಷದ ಅಮೆರಿಕನ್ ನಟಿಯನ್ನ ಅವರ ಮನೆ ಬಾಗಿಲಲ್ಲೇ ಒಬ್ಬ ಅಭಿಮಾನಿ ಗುಂಡಿಟ್ಟು ಕೊಂದ. ಅವನು ಅವರಿಗೆ ಕಾಗದ ಬರೀತಿದ್ದವನು, ಒಮ್ಮೆ ಉತ್ತರಾನೂ ಬಂದಿತ್ತು, ಮನೆ ವಿಳಾಸವನ್ನ ಒಬ್ಬ ಖಾಸಗಿ ಪತ್ತೇದಾರನ ಕೈಲಿ ವಾಹನ ನೋಂದಣಿ ದಾಖಲೆಯಿಂದ ತೆಗೆಸ್ಕೊಂಡಿದ್ದ. ಅದಾದ್ಮೇಲೆ 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆನ್ನು ಹತ್ತಿ ಕಾಡೋರ ವಿರುದ್ಧ ಕಾನೂನು ಬಂತು, 1994ರಲ್ಲಿ ಆ ಥರದ ದಾಖಲೆ ಯಾರ್ಯಾರಿಗೋ ಕೊಡಬಾರ್ದು ಅಂತ ಇಡೀ ಅಮೆರಿಕಕ್ಕೇ ಕಾನೂನಾಯ್ತು. ನಿಮ್ಮ ಮನಸ್ಸು ಎಷ್ಟೇ ಒಳ್ಳೇದಿರ್ಲಿ, ಗುರುತಿಲ್ಲದವರ ಕವರ್ ಮನೆ ಬಾಗಿಲಲ್ಲಿ ಬಿದ್ದಿದ್ರೆ ಅವರಿಗೆ ಮೊದಲು ಆಗೋದು ಭಯ.

ಕಾಗದ

ಒಂದೇ ಪುಟ, ಒಂದೇ ಬದಿ, ಕೈಬರಹ. ಟೈಪ್ ಮಾಡಿದ್ರೆ ತಪ್ಪೇನಿಲ್ಲ, ಆದ್ರೆ ಸೈನ್ ಮಾರೋ ದಂಧೆಯವರು ಒಂದೇ ಕಾಗದವನ್ನ ಹೆಸರು ಬದಲಾಯಿಸಿ ನೂರು ಜನಕ್ಕೆ ಪ್ರಿಂಟ್ ಹೊಡೀತಾರೆ, ಕೈಬರಹ ಕಂಡ ತಕ್ಷಣ ಇದು ಆ ಗುಂಪಿಂದಲ್ಲ ಅಂತ ಗೊತ್ತಾಗತ್ತೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಥರ ಇದ್ರೆ ಮಾತ್ರ ಟೈಪ್ ಮಾಡಿ ಕೆಳಗೆ ಸಹಿ ಪೆನ್ನಲ್ಲಿ ಹಾಕಿ.

ಒಳಗೆ ಏನಿರ್ಬೇಕು ಅಂದ್ರೆ, ನೀವು ಯಾರು ಅನ್ನೋದು ಒಂದು ಸಾಲು, ಅವರ ಕೆಲಸದ ಬಗ್ಗೆ ಮೂರು ನಾಲ್ಕು ಸಾಲು, ಏನು ಬೇಕು ಅನ್ನೋದು ಒಂದು ಸಾಲು, ಥ್ಯಾಂಕ್ಸ್. ಮಧ್ಯದ ಮೂರು ನಾಲ್ಕು ಸಾಲೇ ಪ್ರಾಣ. "ನಾನು ನಿಮ್ಮ ದೊಡ್ಡ ಅಭಿಮಾನಿ, ನಿಮ್ಮ ಎಲ್ಲಾ ಸಿನಿಮಾ ನೋಡಿದೀನಿ" ಅಂತ ಬರೆದ್ರೆ ಆ ಕಾಗದ ಯಾರಿಗೆ ಬೇಕಾದ್ರೂ ಕಳಿಸಬಹುದು, ಅದನ್ನ ಓದೋರಿಗೂ ಅದು ತಿಳಿಯತ್ತೆ. ಇನ್ನೊಬ್ಬ ನಟನ ಹೆಸರು ಹಾಕಿದ್ರೂ ನಡೆಯೋ ಹಾಗಿದ್ರೆ ಆ ಸಾಲು ಹೊಡೆದು ಹಾಕಿ. ಒಂದೇ ಒಂದು ಸೀನ್ ಹಿಡ್ಕೊಳ್ಳಿ, ಅದರಲ್ಲಿ ಅವರು ಮಾಡಿದ ಒಂದು ಸಣ್ಣ ವಿಷಯ. ಉದಾಹರಣೆಗೆ ಹೀಗೆ:

"ಮಾನ್ಯರೇ, ನಾನು ಒಂದು ಶಾಲೆಯಲ್ಲಿ ಗಣಿತ ಮೇಷ್ಟ್ರು. ನೀವು ವಕೀಲರಾಗಿ ನಟಿಸಿದ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಹದಿನೈದು ವರ್ಷ. ಕೇಸು ಸೋತ ಮೇಲೆ ನೀವು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂರುತ್ತೀರಿ. ಮಾತೇ ಇಲ್ಲದ ಆ ಸೀನು ನನಗೆ ಇಡೀ ಚಿತ್ರಕ್ಕಿಂತ ಹೆಚ್ಚು ನೆನಪಿದೆ. ಅದು ಸ್ಕ್ರಿಪ್ಟಿನಲ್ಲಿತ್ತೋ ನೀವೇ ಮಾಡಿದ್ದೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸಾಧ್ಯವಾದರೆ ಜೊತೆಗಿರುವ ಫೋಟೋಗೆ ಸಹಿ ಮಾಡಿಕೊಡಿ, ವಾಪಸ್ ಕವರ್ ಸ್ಟಾಂಪ್ ಸಮೇತ ಇಟ್ಟಿದ್ದೇನೆ. ಬಿಡುವಿಲ್ಲದಿದ್ದರೆ ಪರವಾಗಿಲ್ಲ, ಈ ಮಾತು ನಿಮಗೆ ಮುಟ್ಟಿದರೆ ನನಗಷ್ಟೇ ಸಂತೋಷ."

ಇಷ್ಟೇ. ಇದನ್ನೇ ನಕಲು ಮಾಡ್ಬೇಡಿ ಮತ್ತೆ, ನಿಮ್ಮ ಸೀನು ನೀವು ಹುಡುಕ್ಕೊಳ್ಳಿ. ಆ "ಸ್ಕ್ರಿಪ್ಟಿನಲ್ಲಿತ್ತೋ ನೀವೇ ಮಾಡಿದ್ದೋ" ಥರದ ಒಂದು ಪ್ರಶ್ನೆ ಇಟ್ರೆ ಕೆಲವು ಸಲ ಉತ್ತರ ಕಾಗದದ ಕೆಳಗೇ ಬರೆದು ಬರತ್ತೆ, ಹಾಗಾಗಿ ಕೆಳಗೆ ಸ್ವಲ್ಪ ಜಾಗ ಬಿಟ್ಟಿರಿ. ಒಂದೇ ಪ್ರಶ್ನೆ ಮತ್ತೆ, ಪ್ರಶ್ನೆಪತ್ರಿಕೆ ಅಲ್ಲ.

ಭಾಷೆ ವಿಷಯಕ್ಕೆ ಬಂದ್ರೆ, ಅವರಿಗೆ ಯಾವ್ದು ಬರತ್ತೋ ಅದರಲ್ಲಿ ಬರೀರಿ, ಇಂಗ್ಲಿಷ್ ಆದ್ರೆ ಸರಳವಾಗಿ, ನಿಮ್ಮದೇ ಮಾತಲ್ಲಿ. ಎಐ ಕೈಲಿ ಬರೆಸಿದ ನುಣುಪಾದ ಕಾಗದಕ್ಕಿಂತ ಒಂದೆರಡು ವ್ಯಾಕರಣದ ತಪ್ಪಿರೋ ಸ್ವಂತ ಕಾಗದ ಎಷ್ಟೋ ಮೇಲು. ನಿಮ್ಮ ಹೆಸರು ಹಾಕಿಸ್ಕೋಬೇಕು ಅಂದ್ರೆ ಅದನ್ನ ಒಂದು ಚಿಕ್ಕ ಅಂಟು ಚೀಟಿ ಮೇಲೆ ದೊಡ್ಡ ದೊಡ್ಡ ರೋಮನ್ ಅಕ್ಷರದಲ್ಲಿ ಬರೆದು ಫೋಟೋ ಹಿಂದೆ ಹಚ್ಚಿ, ಇಲ್ದಿದ್ರೆ ನಮ್ಮ ಹೆಸರುಗಳು ಅವರ ಕೈಲಿ ಏನೇನೋ ಆಗಿ ಬರತ್ತೆ. ಹೆಸರು ಹಾಕಿಸ್ಕೊಳ್ಳೋದು ಒಳ್ಳೇದೇ, ಹೆಸರಿರೋ ಫೋಟೋ ಮಾರೋದು ಕಷ್ಟ ಅಂತ ನಟರಿಗೂ ಗೊತ್ತು, ಹಾಗಾಗಿ ಹೆಸರು ಕೇಳೋರ ಮೇಲೆ ನಂಬಿಕೆ ಜಾಸ್ತಿ.

ಸುಳ್ಳು ಮಾತ್ರ ಬರೀಬೇಡಿ. ಕಾಯಿಲೆ ಇದೆ ಅಂತ, ಎಂಟು ವರ್ಷದ ಮಗು ಅಂತ ನಟಿಸಿ ಬರೆಯೋರಿದ್ದಾರೆ. ನಿಜವಾಗ್ಲೂ ಕಾಯಿಲೆಯಿರೋ ಮಗುವಿನ ಕಾಗದವನ್ನೂ ಜನ ಅನುಮಾನದಿಂದ ನೋಡೋ ಹಾಗೆ ಮಾಡಿದ್ದು ಇವರೇ.

ಸ್ಕ್ರಿಪ್ಟು, ಕಥೆ, ಗಿಫ್ಟು, ದುಡ್ಡು, ಇದೆಲ್ಲ ಒಳಗಿಡ್ಬೇಡಿ. ಕಾರಣ ವಿವರಿಸೋದೇನಿಲ್ಲ, ಅರ್ಧ ನಿಮಿಷದ ತಕ್ಕಡಿ ಇದೆಯಲ್ಲ.

ನನ್ನ ಅತಿ ದೊಡ್ಡ ಎಡವಟ್ಟೂ ಇಲ್ಲೇ ಆಗಿದ್ದು. ಒಂದೇ ರಾತ್ರಿ ಕೂತು ಆರು ಕಾಗದ ಬರೆದು, ಎಲ್ಲಾ ಮಡಚಿ, ನಿದ್ದೆಗಣ್ಣಲ್ಲಿ ಕವರ್‌ಗೆ ಹಾಕುವಾಗ ಇಬ್ಬರು ನಟರ ಕಾಗದ ಅದಲು ಬದಲಾಗಿ ಹೋಯ್ತು. ಮೂರು ತಿಂಗಳಾದ್ಮೇಲೆ ಒಬ್ಬರಿಂದ ವಾಪಸ್ ಬಂತು, ಇನ್ನೊಬ್ಬರ ಫೋಟೋ ಮೇಲೆ ತಮ್ಮ ಸೈನ್ ಹಾಕಿ, ಕೆಳಗೆ "ನಾನು ಅವನಿಗಿಂತ ಸ್ವಲ್ಪ ಎತ್ತರ" ಅಂತ ಬರೆದಿದ್ರು. ಪುಣ್ಯಾತ್ಮರು. ಇನ್ನೊಬ್ಬರಿಂದ ಏನೂ ಬರ್ಲಿಲ್ಲ, ಬರಬೇಕಾಗೂ ಇರ್ಲಿಲ್ಲ. ಅವತ್ತಿಂದ ಒಂದು ಕವರ್ ಪೂರ್ತಿ ಅಂಟಿಸೋವರೆಗೂ ಇನ್ನೊಂದನ್ನ ಟೇಬಲ್ ಮೇಲೆ ತೆಗೆಯಲ್ಲ.

ಯಾವುದರ ಮೇಲೆ ಸೈನ್

ಫೋಟೋಗೆ ಸಾಮಾನ್ಯ ಅಳತೆ 8x10 ಇಂಚು. ನೋಡೋಕೆ ಚೆಂದ, ಫ್ರೇಮ್ ಸುಲಭ. ಆದ್ರೆ ಬೇರೆ ದೇಶಕ್ಕೆ ಕಳಿಸೋವಾಗ ನಾನು 4x6ಕ್ಕೇ ಇಳಿದುಬಿಡ್ತೀನಿ, ಮಾಮೂಲಿ ಚಿಕ್ಕ ಕವರಲ್ಲಿ ಹೋಗತ್ತೆ, ತೂಕ ಕಮ್ಮಿ, ಸ್ಟಾಂಪ್ ಲೆಕ್ಕ ಸುಲಭ. ಇನ್ನೂ ಸರಳ ಬೇಕಂದ್ರೆ ಗೆರೆಯಿಲ್ಲದ 3x5 ಇಂಚಿನ ದಪ್ಪ ಬಿಳಿ ಕಾರ್ಡ್. ಹಳೇ ಸಂಗ್ರಹಕಾರರಿಗೆ ಇದೇ ಇಷ್ಟ, ಸೈನ್ ಸ್ಪಷ್ಟವಾಗಿ ಬೀಳತ್ತೆ, ಆಮೇಲೆ ಫೋಟೋ ಪಕ್ಕ ಇಟ್ಟು ಫ್ರೇಮ್ ಹಾಕಿಸ್ಬಹುದು.

ಒಂದೇ ವಸ್ತು ಕಳಿಸಿ, ಜಾಸ್ತಿ ಅಂದ್ರೆ ಎರಡು. ಐದು ಫೋಟೋ ಕಂಡ್ರೆ ಇವನು ಮಾರಾಟದವನು ಅಂತ ಲೆಕ್ಕ. ಮತ್ತೆ ಕಳೆದ್ರೆ ಅಳು ಬರೋಂಥದ್ದು ಯಾವ್ದನ್ನೂ ಕಳಿಸ್ಬೇಡಿ, ಅಪ್ಪ ಇಟ್ಕೊಂಡಿದ್ದ ಹಳೇ ಸಿನಿಮಾ ಪುಸ್ತಕ, ಒರಿಜಿನಲ್ ಪೋಸ್ಟರ್, ಇವೆಲ್ಲ ಮನೇಲೇ ಇರ್ಲಿ.

ಫೋಟೋ ಆರಿಸುವಾಗ ಸೈನ್ ಎಲ್ಲಿ ಬೀಳತ್ತೆ ಅಂತ ಯೋಚಿಸಿ. ಇಡೀ ಚಿತ್ರ ಕಪ್ಪಾಗಿದ್ರೆ ಕಪ್ಪು ಮಾರ್ಕರ್ ಕಾಣೋದೇ ಇಲ್ಲ, ಎಲ್ಲೋ ಒಂದು ಕಡೆ ತಿಳಿ ಬಣ್ಣದ ಗೋಡೆನೋ ಆಕಾಶನೋ ಇರೋ ಫೋಟೋ ನೋಡಿ. ಹೊಳಪಿನ ಫೋಟೋ ಮೇಲ್ಮೈ ತೀರಾ ನುಣುಪಾಗಿದ್ರೆ ಇಂಕು ಹರಡದೆ ಹನಿ ಹನಿಯಾಗಿ ನಿಲ್ಲತ್ತೆ, ಇಲ್ಲ ಒರೆಸ್ಕೊಂಡು ಹೋಗತ್ತೆ. ಅದಕ್ಕೆ ಹಳೇ ಉಪಾಯ ಇದೆ, ಮೆತ್ತನೆ ಬಟ್ಟೇಲಿ ಚೂರೇ ಚೂರು ಟಾಲ್ಕಂ ಪೌಡರ್ ತಗೊಂಡು ಸೈನ್ ಬೀಳೋ ಜಾಗ ಹಗುರವಾಗಿ ಉಜ್ಜಿ, ಪೂರ್ತಿ ಒರೆಸಿ ತೆಗೆದು ಆಮೇಲೆ ಕಳಿಸೋದು.

ಪೆನ್ನು ಇಡ್ಬೇಕಾ? ಸಾಮಾನ್ಯವಾಗಿ ಬೇಡ. ಕವರ್ ಉಬ್ಬತ್ತೆ, ಪೋಸ್ಟಾಫೀಸಿನ ಮಷೀನಲ್ಲಿ ಸಿಕ್ಕಿ ಹರಿಯತ್ತೆ, ಇಂಕು ಸೋರಿದ್ರಂತೂ ಕಥೆ ಮುಗೀತು. ಸಹಿ ಹಾಕೋ ಅಭ್ಯಾಸ ಇರೋರ ಹತ್ರ ಮಾರ್ಕರ್ ಇದ್ದೇ ಇರತ್ತೆ. ಶಾರ್ಪಿ ಅನ್ನೋ ಮಾರ್ಕರ್ 1964ರಲ್ಲಿ ಬಂದಾಗಿಂದ ಫೋಟೋಗೆ ಅದೇ ರೂಢಿ ಆಗಿಹೋಗಿದೆ. ಎದುರಾ ಎದುರು ಸಿಕ್ಕಿ ನೀವೇ ಪೆನ್ ಕೊಡೋ ಸಂದರ್ಭ ಬಂದ್ರೆ ನೀಲಿ ಕೊಡಿ, ಕಪ್ಪು ಬಿಳುಪು ಫೋಟೋ ಮೇಲೆ ನೀಲಿ ಕಂಡ ತಕ್ಷಣ ಪ್ರಿಂಟ್ ಅಲ್ಲ ಅಂತ ತಿಳಿಯತ್ತೆ. ಬಾಲ್ ಪೆನ್ ಫೋಟೋ ಮೇಲೆ ಗೀರು ಬೀಳಿಸತ್ತೆ, ಅದು ಕಾರ್ಡ್‌ಗೇ ಸರಿ.

ಕವರ್ ಒಳಗೊಂದು ಕವರ್

8x10 ಫೋಟೋ ಆದ್ರೆ ವಾಪಸ್ ಕವರ್ 9x12 ಇಂಚಿಂದು, ಹೊರಗಿನ ಕವರ್ 10x13. ಹೀಗಾದ್ರೆ ಒಳಗಿನದನ್ನ ಮಡಚೋ ಹಾಗೇ ಇಲ್ಲ. ಫೋಟೋಗೆ ಬೆನ್ನಾಗಿ ಅದೇ ಅಳತೆಯ ತೆಳು ರಟ್ಟು ಒಂದು, ಆ ರಟ್ಟಿನ ಮೇಲೆ "ದಯವಿಟ್ಟು ಇದನ್ನೂ ವಾಪಸ್ ಕವರಲ್ಲಿ ಹಾಕಿ" ಅಂತ ಬರೀರಿ, ಇಲ್ದಿದ್ರೆ ಹೋಗುವಾಗ ನೆಟ್ಟಗಿದ್ದ ಫೋಟೋ ಬರುವಾಗ ಡೊಂಕಾಗಿ ಬರತ್ತೆ. ಎರಡೂ ಕವರ್ ಮೇಲೆ "ಮಡಚಬೇಡಿ, ಫೋಟೋ ಇದೆ" ಅನ್ನೋದನ್ನ ಇಂಗ್ಲಿಷಲ್ಲಿ ಬರೀರಿ. ವಾಪಸ್ ಕವರ್ ನಾಲಿಗೆ ಹಚ್ಚಿ ಅಂಟಿಸೋ ಥರದ್ದು ಬೇಡ, ಪಟ್ಟಿ ಎಳೆದು ಅಂಟಿಸೋದು ತಗೊಳ್ಳಿ. ನಿಮ್ಮ ಅಡ್ರೆಸ್ಸಿನ ಕೊನೇ ಸಾಲಲ್ಲಿ ದೇಶದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಇರ್ಲಿ. ಕಾಗದದ ಮೇಲೂ ಅಡ್ರೆಸ್ ಹಾಕಿ, ಕವರ್ ಒಂದು ಕಡೆ ಕಾಗದ ಒಂದು ಕಡೆ ಆಗೋದು ಮಾಮೂಲು.

ಇಡೋ ಕ್ರಮ: ಮೇಲೆ ಕಾಗದ, ಅದರ ಹಿಂದೆ ಫೋಟೋ, ರಟ್ಟು, ಕೊನೆಗೆ ವಾಪಸ್ ಕವರ್. ಪಿನ್ನು, ಕ್ಲಿಪ್ಪು, ಟೇಪು ಏನೂ ಬೇಡ.

ಈಗ ತಲೆನೋವಿನ ವಿಷಯ, ಬೇರೆ ದೇಶದ ಸ್ಟಾಂಪು. ವಾಪಸ್ ಕವರ್ ಮೇಲೆ ನಿಮ್ಮ ದೇಶದ ಸ್ಟಾಂಪ್ ಅಂಟಿಸಿದ್ರೆ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ, ಕವರ್ ಯಾವ ದೇಶದಿಂದ ಹೊರಡತ್ತೋ ಆ ದೇಶದ ಸ್ಟಾಂಪೇ ಬೇಕು. ಹೊಸಬರು ಹತ್ತಕ್ಕೆ ಒಂಬತ್ತು ಜನ ಎಡವೋದು ಇಲ್ಲೇ, ನಾನೂ ಎಡವಿದ್ದೆ.

ಇದಕ್ಕೆ ಅಂತಲೇ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ಅಂತ ಒಂದಿದೆ, ಐಆರ್‌ಸಿ. 1906ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಅಂಚೆ ಒಕ್ಕೂಟದ ಸಭೆಯಲ್ಲಿ ತೀರ್ಮಾನ ಆಗಿ ಮುಂದಿನ ವರ್ಷ ಜಾರಿಗೆ ಬಂತು. ಆ ಕೂಪನ್ ಕೊಟ್ರೆ ಸದಸ್ಯ ದೇಶದ ಪೋಸ್ಟಾಫೀಸಲ್ಲಿ ಹೊರದೇಶಕ್ಕೆ ಒಂದು ಹಗುರ ಏರ್‌ಮೇಲ್ ಕಾಗದ ಕಳಿಸೋವಷ್ಟು ಸ್ಟಾಂಪ್ ಕೊಡ್ತಾರೆ. ಮಜಾ ಅಂದ್ರೆ 1920ರಲ್ಲಿ ಬಾಸ್ಟನ್ನಲ್ಲಿ ಚಾರ್ಲ್ಸ್ ಪಾಂಜಿ ಜನಕ್ಕೆ ಟೋಪಿ ಹಾಕಿದ್ದು ಇದೇ ಕೂಪನ್ ಹೆಸರಲ್ಲಿ, ಒಂದು ದೇಶದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದು ದೇಶದಲ್ಲಿ ಸ್ಟಾಂಪಿಗೆ ಬದಲಾಯಿಸ್ಕೊಂಡು ಲಾಭ ಮಾಡ್ತೀನಿ ಅಂತ. ಪಾಂಜಿ ಸ್ಕೀಮ್ ಅನ್ನೋ ಮಾತು ಹುಟ್ಟಿದ್ದೇ ಅಲ್ಲಿಂದ. ಈಗ ಕೂಪನ್ ಸಿಗೋದು ಕಷ್ಟ ಆಗ್ತಾ ಇದೆ, ಬ್ರಿಟನ್ 2011ರ ಕೊನೆಗೆ ಮಾರೋದು ನಿಲ್ಲಿಸ್ತು, ಅಮೆರಿಕ 2013ರಲ್ಲಿ. ಸಿಕ್ಕಿದ್ರೆ ಅದರ ಮೇಲೆ ಅವಧಿ ಮುಗಿಯೋ ತಾರೀಖು ಪ್ರಿಂಟ್ ಆಗಿರತ್ತೆ, ನೋಡ್ಕೊಳ್ಳಿ.

ಆದ್ರೆ ನನಗೆ ಕೂಪನ್ ಅಂದ್ರೆ ಅಷ್ಟಕ್ಕಷ್ಟೇ. ಯಾಕಂದ್ರೆ ಆ ನಟರು ಅಥವಾ ಅವರ ಸಹಾಯಕರು ಅದನ್ನ ಹಿಡ್ಕೊಂಡು ಪೋಸ್ಟಾಫೀಸ್ ಕ್ಯೂನಲ್ಲಿ ನಿಲ್ಬೇಕು, ಅರ್ಧ ನಿಮಿಷದ ಲೆಕ್ಕ ಅಲ್ಲೇ ಹಳ್ಳ ಹಿಡೀತು. ಅದರ ಬದಲು ಆ ದೇಶದ ನಿಜವಾದ ಸ್ಟಾಂಪನ್ನೇ ತರಿಸಿ ಅಂಟಿಸಿಬಿಡಿ. ಅಮೆರಿಕದ್ದಾದ್ರೆ ಗ್ಲೋಬಲ್ ಫಾರೆವರ್ ಅಂತ ದುಂಡಗಿನ ಸ್ಟಾಂಪ್ ಇದೆ, 2013ರಿಂದ ಬಂದಿದ್ದು, ಒಂದು ಔನ್ಸ್, ಅಂದ್ರೆ 28 ಗ್ರಾಂವರೆಗಿನ ಮಾಮೂಲಿ ಕಾಗದ ಯಾವ ದೇಶಕ್ಕೆ ಬೇಕಾದ್ರೂ ಹೋಗತ್ತೆ, ಆಮೇಲೆ ದರ ಏರಿದ್ರೂ ಅದೇ ಸ್ಟಾಂಪ್ ನಡೆಯತ್ತೆ. 4x6 ಫೋಟೋ, ಒಂದು ತೆಳು ಕಾರ್ಡ್, ಚಿಕ್ಕ ಕವರ್, ಮೂರೂ ಸೇರಿ ಆ ತೂಕದೊಳಗೇ ಬರತ್ತೆ, ನಾನು 4x6ಕ್ಕೆ ಇಳಿದಿದ್ದು ಇದಕ್ಕೇ. ಬ್ರಿಟನ್‌ಗೆ ಕಳಿಸೋವಾಗ ಒಂದು ಎಚ್ಚರಿಕೆ, ರಾಣಿಯ ತಲೆ ಇರೋ ಹಳೇ ಮಾಮೂಲಿ ಸ್ಟಾಂಪುಗಳು ಬಾರ್‌ಕೋಡ್ ಇಲ್ದಿದ್ರೆ 2023ರಿಂದ ನಡೆಯಲ್ಲ, ಸಂಗ್ರಹದ ಪೆಟ್ಟಿಗೆಯಿಂದ ಎತ್ತಿ ಅಂಟಿಸ್ಬೇಡಿ.

ರಿಜಿಸ್ಟರ್ಡ್ ಪೋಸ್ಟ್, ಕೊರಿಯರ್, ಸಹಿ ಮಾಡಿ ತಗೋಬೇಕಾದ ಡೆಲಿವರಿ, ಇವೆಲ್ಲ ಬೇಡ. ಭದ್ರ ಅನ್ಸತ್ತೆ, ಆದ್ರೆ ಗುರುತಿಲ್ಲದವರಿಂದ ಬಂದಿದ್ದಕ್ಕೆ ಸಹಿ ಹಾಕೋಕೆ ಆಫೀಸುಗಳು ಒಪ್ಪಲ್ಲ, ಹಾಗೇ ತಿರುಗಿ ಬರತ್ತೆ. ಮಾಮೂಲಿ ಪೋಸ್ಟೇ ಸಾಕು.

ಅಂಟಿಸೋಕೆ ಮುಂಚೆ ಇನ್ನೊಂದು ಕೆಲಸ, ಇದನ್ನ ಯಾರೂ ಹೇಳಿಕೊಡಲ್ಲ. ವಾಪಸ್ ಕವರ್‌ನ ಒಳ ಮಡಿಕೆಯಲ್ಲಿ ಪೆನ್ಸಿಲಲ್ಲಿ ಸಣ್ಣಗೆ ಆ ನಟರ ಹೆಸರು ಬರೆದಿಡಿ. ಬರೀ ಬಿಳಿ ಕಾರ್ಡ್ ಕಳಿಸಿದ್ದಾಗ ಆರು ತಿಂಗಳ ಮೇಲೆ ವಾಪಸ್ ಬಂದ್ರೆ ಅದರ ಮೇಲೆ ಹಾವು ಹರಿದ ಹಾಗೆ ಒಂದು ಗೆರೆ ಇರತ್ತೆ, ಯಾರದ್ದು ಅಂತ ದೇವರಾಣೆಗೂ ಗೊತ್ತಾಗಲ್ಲ.

ಕಾಯೋದು

ಹತ್ತು ದಿನಕ್ಕೆ ಬಂದಿದ್ದಿದೆ, ಎರಡೂವರೆ ವರ್ಷಕ್ಕೆ ಬಂದಿದ್ದೂ ಇದೆ, ಆಗ ನಾನು ಕಳಿಸಿದ್ದೇ ಮರೆತಿದ್ದೆ. ಒಂದು ಎಕ್ಸೆಲ್ ಶೀಟ್ ಮಾಡಿ: ಯಾರಿಗೆ, ಯಾವ ಅಡ್ರೆಸ್‌ಗೆ, ಯಾವತ್ತು, ಏನು ಕಳಿಸಿದ್ದು, ಯಾವತ್ತು ಬಂತು, ಏನಾಗಿ ಬಂತು. ಒಂದು ವರ್ಷ ಆಗೋವರೆಗೂ ಅದೇ ಜನಕ್ಕೆ ಎರಡನೇ ಕಾಗದ ಹಾಕ್ಬೇಡಿ. "ನನ್ನ ಕಾಗದ ಏನಾಯ್ತು" ಅಂತ ಸೋಶಿಯಲ್ ಮೀಡಿಯಾದಲ್ಲಿ ಅವರನ್ನ ಟ್ಯಾಗ್ ಮಾಡಿ ಕೇಳೋದಂತೂ ಬೇಡ್ವೇ ಬೇಡ. ತಿಂಗಳಿಗೆ ನಾಲ್ಕೈದು ಕಾಗದದ ಹಾಗೆ ಬಿಡ್ತಾ ಇದ್ರೆ ಯಾವುದನ್ನ ಕಾಯ್ತಾ ಇದೀವಿ ಅನ್ನೋದೇ ಮರ್ತು ಹೋಗತ್ತೆ.

ಆರ್‌ಟಿಎಸ್ ಬಂದ್ರೆ ಬೇಜಾರಾಗ್ಬೇಡಿ, ಅದು ಒಂದು ಥರ ಒಳ್ಳೇದೇ. ಫೋಟೋ ವಾಪಸ್ ಸಿಕ್ತು, ಅಡ್ರೆಸ್ ತಪ್ಪು ಅಂತ ಗೊತ್ತಾಯ್ತು, ಒಳಗಿನ ಕವರನ್ನ ಸ್ಟಾಂಪ್ ಸಮೇತ ಹಾಗೇ ಇನ್ನೊಂದು ಹೊರ ಕವರಲ್ಲಿ ಹಾಕಿ ಹೊಸ ಅಡ್ರೆಸ್‌ಗೆ ಕಳಿಸ್ಬಹುದು. ಬೇಜಾರಾಗ್ಬೇಕಾದ್ದು ಏನೂ ಬರದೇ ಇದ್ದಾಗ.

ಬಂದಿದ್ದು ಅಸಲಿನಾ

ಇದನ್ನ ಕೇಳ್ಕೊಳ್ಳೋಕೆ ಯಾರಿಗೂ ಇಷ್ಟ ಇರಲ್ಲ, ಆದ್ರೂ ಕೇಳ್ಕೋಬೇಕು. ಪೋಸ್ಟಲ್ಲಿ ಬರೋ ಸೈನುಗಳಲ್ಲಿ ನಾಲ್ಕು ಜಾತಿ ನಕಲಿ ಇದೆ.

ಮೊದಲನೇದು ಪ್ರಿಂಟು. ಫೋಟೋ ಜೊತೆಗೇ ಸೈನ್ ಅಚ್ಚಾಗಿರತ್ತೆ. ಫೋಟೋನ ಬೆಳಕಿಗೆ ಓರೆ ಹಿಡೀರಿ, ಮಾರ್ಕರ್ ಇಂಕಾದ್ರೆ ಫೋಟೋ ಹೊಳಪಿಗಿಂತ ಬೇರೆ ಥರ, ಸ್ವಲ್ಪ ತಾಮ್ರದ ಛಾಯೆಯಲ್ಲಿ ಹೊಳೆಯತ್ತೆ. ಪ್ರಿಂಟಾದ್ರೆ ಎಲ್ಲಾ ಒಂದೇ ಹೊಳಪು. ಭೂತಗನ್ನಡೀಲಿ ನೋಡಿದ್ರೆ ಗೆರೆ ಬದಲು ಚುಕ್ಕಿ ಚುಕ್ಕಿ ಕಾಣಬಹುದು. ಎರಡನೇದು ರಬ್ಬರ್ ಸ್ಟಾಂಪು, ಗೆರೆಯ ಅಂಚಲ್ಲಿ ಇಂಕು ಒತ್ತಿ ನಿಂತಿರತ್ತೆ, ನಡುವೆ ತೆಳು.

ಮೂರನೇದು ಆಟೋಪೆನ್, ನಿಜವಾದ ಪೆನ್ನನ್ನ ಹಿಡಿದು ಒಂದು ಮಾದರಿ ಸಹಿಯನ್ನ ಮತ್ತೆ ಮತ್ತೆ ಬರೆಯೋ ಮಷೀನು. ಅಮೆರಿಕದ ಅಧ್ಯಕ್ಷರುಗಳ ಆಫೀಸಲ್ಲಿ ದಶಕಗಳಿಂದ ಇದೆ, ಸ್ಟಾರ್‌ಗಳಿಗೂ ಬಂತು. ಇಂಕು ನಿಜ ಆಗಿರೋದ್ರಿಂದ ಓರೆ ಹಿಡಿದ್ರೆ ಪ್ರಯೋಜನ ಇಲ್ಲ. ಒತ್ತಡ ಮೊದಲಿಂದ ಕೊನೆವರೆಗೂ ಒಂದೇ ಸಮ, ಶುರುವಲ್ಲೂ ಕೊನೇಲೂ ಪೆನ್ನು ನಿಂತ ದಪ್ಪ ಚುಕ್ಕಿ, ತಿರುವಲ್ಲಿ ಸಣ್ಣ ನಡುಕ. ಆದ್ರೆ ಖಾತ್ರಿ ಪರೀಕ್ಷೆ ಒಂದೇ: ಬೇರೆಯವರಿಗೆ ಬಂದ ಅದೇ ನಟರ ಸೈನ್ ಚಿತ್ರ ತಗೊಂಡು ಅಳತೆ ಸಮ ಮಾಡಿ ನಿಮ್ಮದರ ಮೇಲಿಟ್ಟು ನೋಡಿ. ಒಂದೇ ಕೈ ಎರಡು ಸಲ ಗೆರೆಗೆ ಗೆರೆ ಕೂಡೋ ಹಾಗೆ ಬರೆಯಲ್ಲ, ಅಷ್ಟು ಕರಾರುವಾಕ್ಕಾಗಿ ಕೂತ್ರೆ ಅದು ಮಷೀನು.

ನಾಲ್ಕನೇದು ಕಷ್ಟದ್ದು, ಸೆಕ್ರೆಟರಿ ಹಾಕಿದ ಸೈನು. ಇದು ಹೊಸದೇನಲ್ಲ, 1930ರ ದಶಕದ ಹಾಲಿವುಡ್ ಸ್ಟುಡಿಯೋಗಳಲ್ಲಿ ಫ್ಯಾನ್ ಮೇಲ್‌ಗೆ ಅಂತಲೇ ವಿಭಾಗ ಇತ್ತು, ಅಲ್ಲಿನವರೇ ಸ್ಟಾರ್ ಹೆಸರು ಗೀಚಿ ಕಳಿಸ್ತಿದ್ರು. ಆ ಕಾಲದ ಸ್ಟಾರ್ ನಟಿ ಜೀನ್ ಹಾರ್ಲೋ ಫೋಟೋಗಳಲ್ಲಿ ಎಷ್ಟೋ ಅವರ ತಾಯಿ ಸೈನ್ ಮಾಡಿದ್ದು ಅನ್ನೋದು ಹಳೇ ಸಂಗ್ರಹಕಾರರಿಗೆಲ್ಲ ಗೊತ್ತಿರೋ ವಿಷಯ. ಇದನ್ನ ಪತ್ತೆ ಮಾಡೋಕೆ ನಟರು ಜನರ ಮುಂದೆ ಹಾಕಿದ ಸಹಿಗಳನ್ನ ಹುಡುಕಿ, ಅಕ್ಷರದ ಎತ್ತರ, ಎಲ್ಲಿ ಪೆನ್ ಎತ್ತುತ್ತಾರೆ, ಕೊನೆ ಗೆರೆ ಯಾವ ಕಡೆ ಎಳೀತಾರೆ, ಇವನ್ನ ಒಂದೊಂದಾಗಿ ಹೋಲಿಸ್ಬೇಕು. ಅವಸರದಲ್ಲಿ ಎಲ್ಲರ ಸೈನೂ ಮೊಟಕಾಗತ್ತೆ, ಹಾಗಾಗಿ ಚಿಕ್ಕದಾಗಿದೆ ಅಂದ ಮಾತ್ರಕ್ಕೆ ನಕಲಿ ಅನ್ಬೇಡಿ.

ಆಯ್ತಪ್ಪ, ಇಷ್ಟೆಲ್ಲ ರಗಳೆ ಯಾಕೆ, ದುಡ್ಡು ಕೊಟ್ಟು ಅಸಲಿ ಕೊಂಡ್ಕೋತೀನಿ ಅಂದ್ರೆ ಅಲ್ಲಿ ಇನ್ನೂ ದೊಡ್ಡ ಮೋಸ ಇದೆ. 1990ರ ದಶಕದ ಕೊನೆಯಲ್ಲಿ ಎಫ್‌ಬಿಐ ಆಪರೇಷನ್ ಬುಲ್‌ಪೆನ್ ಅಂತ ಒಂದು ದೊಡ್ಡ ನಕಲಿ ಸೈನ್ ಜಾಲ ಹಿಡೀತು, ಸಿಕ್ಕಿದ ಮಾಲಲ್ಲಿ ಮದರ್ ತೆರೇಸಾ ಸಹಿ ಇರೋ ಬೇಸ್‌ಬಾಲ್ ಕೂಡ ಇತ್ತು. ಮದರ್ ತೆರೇಸಾ, ಬೇಸ್‌ಬಾಲ್ ಮೇಲೆ! ಸ್ಟಾರ್ ವಾರ್ಸ್‌ನ ಮಾರ್ಕ್ ಹ್ಯಾಮಿಲ್ ತಮ್ಮ ಹೆಸರಿನ ನಕಲಿ ಸೈನ್ ನೋಡಿ ನೋಡಿ ಬೇಸತ್ತು, ಅಭಿಮಾನಿಗಳು ಚಿತ್ರ ಕಳಿಸಿದ್ರೆ ಇದು ನಂದು, ಇದು ನಂದಲ್ಲ ಅಂತ ತಾವೇ ಹೇಳೋಕೆ ಶುರು ಮಾಡಿದ್ರು. ಸೈನ್ ಮಾಡಿದ ವಸ್ತು ಮಾರೋರು ಪ್ರಮಾಣಪತ್ರ ಕೊಡಲೇಬೇಕು ಅನ್ನೋ ನಿಯಮವನ್ನ ಕ್ಯಾಲಿಫೋರ್ನಿಯಾ 2017ರಿಂದ ಸಿನಿಮಾದವರ ಸೈನ್‌ಗೂ ತಂದಿದ್ದರ ಹಿಂದೆ ಹ್ಯಾಮಿಲ್ ಮಾತೂ ಇತ್ತು. ನಾವು ಪೋಸ್ಟಲ್ಲಿ ತರಿಸ್ಕೊಂಡಿದ್ದಕ್ಕೆ ಪ್ರಮಾಣಪತ್ರ ಇರಲ್ಲ, ಆದ್ರೆ ಠಸ್ಸೆ ಬಿದ್ದ ಕವರ್ ಇರತ್ತೆ, ಅವರೇನಾದ್ರೂ ಬರೆದಿದ್ರೆ ಆ ಕಾಗದ ಇರತ್ತೆ. ಅದಕ್ಕೇ ಕವರ್ ಬಿಸಾಕ್ಬೇಡಿ.

ಇಟ್ಕೊಳ್ಳೋದು

ಇಲ್ಲಿ ಶತ್ರು ಎರಡೇ, ಬೆಳಕು ಮತ್ತೆ ಪ್ಲಾಸ್ಟಿಕ್. ಬಿಸಿಲು ಬೀಳೋ ಗೋಡೆ ಮೇಲೆ ಹಾಕಿದ್ರೆ ಮಾರ್ಕರ್ ಇಂಕು ಕೆಲವೇ ವರ್ಷದಲ್ಲಿ ಮಾಸಿ ಹೋಗತ್ತೆ, ಗೋಡೆಗೆ ಬೇಕೇ ಬೇಕಂದ್ರೆ ಸ್ಕ್ಯಾನ್ ಮಾಡಿ ಪ್ರಿಂಟ್ ಹಾಕಿ, ಅಸಲಿದು ಆಲ್ಬಮ್ಮಲ್ಲಿರ್ಲಿ. ವಾಸನೆ ಬರೋ ಮೆತ್ತನೆ ಪಿವಿಸಿ ಹಾಳೆಗಳು ಇಂಕನ್ನ ಎಳ್ಕೊಂಡ್ಬಿಡ್ತವೆ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರ್ ಕೇಳಿ ತಗೊಳ್ಳಿ, ಬೆನ್ನಿಗೆ ಆಸಿಡ್ ಇಲ್ಲದ ರಟ್ಟು. ಎರಡು ಫೋಟೋ ಮುಖಕ್ಕೆ ಮುಖ ಇಡ್ಬೇಡಿ, ಒಂದರ ಸೈನ್ ಇನ್ನೊಂದಕ್ಕೆ ಅಂಟತ್ತೆ. ಲ್ಯಾಮಿನೇಷನ್ ಮಾಡ್ಸಿದ್ರೆ ಮತ್ತೆ ಬಿಡಿಸೋಕಾಗಲ್ಲ.

ನನ್ನ ಆಲ್ಬಮ್ಮಲ್ಲಿ ಎಡಗಡೆ ಪುಟಕ್ಕೆ ವಾಪಸ್ ಬಂದ ಕವರು, ಬಲಗಡೆಗೆ ಸೈನ್ ಆದ ಫೋಟೋ. ಆ "ಸ್ವಲ್ಪ ಎತ್ತರ" ಅಂತ ಬರೆದವರದ್ದು ಮೂರನೇ ಪುಟದಲ್ಲಿದೆ, ಬೇರೆಯವರ ಮುಖದ ಮೇಲೆ ಅವರ ಸೈನು. ಅವರಿಗೆ ಅವರದೇ ಫೋಟೋ ಇಟ್ಟು ಎರಡನೇ ಕಾಗದ ಹಾಕಿ ಹದಿನಾಲ್ಕು ತಿಂಗಳಾಯ್ತು, ಇನ್ನೂ ಬಂದಿಲ್ಲ.